ಗೆಳೆಯರ ಓಲೆಗಳು, ರಾಣಿಯ ಒಂದು ಓಲೆ

ಮಂತ್ರಾಲಯಕ್ಕೆ ಹೋಗಿಬಂದವರ ಮನೆಗಳಲ್ಲಿ ಮನ್ರೋ ಸಾಹೇಬನ ಹೆಸರು ಕೇಳದವರು ಕಡಿಮೆ. ಮಠದ ಇನಾಮು ಭೂಮಿಯ ವಿಚಾರಣೆಗೆಂದು ಬಂದ ಬಿಳಿಯ ಕಲೆಕ್ಟರನೊಡನೆ ರಾಯರು ಬೃಂದಾವನದಿಂದಲೇ ಮಾತಾಡಿದರು, ಸುತ್ತ ನಿಂತವರಿಗೆ ಏನೂ ಕಾಣಲಿಲ್ಲ, ಆತ ಮಂತ್ರಾಕ್ಷತೆ ಪಡೆದು ಭೂಮಿಯನ್ನು ಮಠಕ್ಕೇ ಉಳಿಸಿಕೊಟ್ಟ ಎಂಬುದು ಭಕ್ತರಲ್ಲಿ ಮನೆಮಾತು. ನಮ್ಮ ಬೀದಿಯ ಹೆಂಗಸರು ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೋಗುವಾಗ ಈ ಕಥೆ ಒಂದು ಸಲವಾದರೂ ಬಂದೇ ಬರುತ್ತದೆ.

ಯಲಹಂಕ, ಹೆಬ್ಬಾಳದ ಕಡೆಯವರಾದ ನಮಗೆ ಈ ಮನ್ರೋ ಇನ್ನೊಂದು ರೀತಿಯಲ್ಲೂ ಹತ್ತಿರದವನು. ನಾವು ಬೆಳಗಾದರೆ ಓಡಾಡುವ ರಸ್ತೆಯ ಹೆಸರು ಬಳ್ಳಾರಿ ರಸ್ತೆ. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣ ಬಂದ ಮೇಲೆ ಏರ್‌ಪೋರ್ಟ್ ರೋಡು ಎನ್ನುವವರೇ ಜಾಸ್ತಿಯಾದರು. ಆದರೆ ಅಂಗಡಿಗಳ ಬೋರ್ಡಿನಲ್ಲಿ ಇನ್ನೂ ಹಳೆಯ ಹೆಸರಿದೆ. ಅದೇ ದಾರಿ ಹಿಡಿದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೋದರೆ ಅನಂತಪುರದ ಸೀಮೆ. ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು 1800ರಿಂದ 1807ರವರೆಗೆ ಆಳಿದ ಕಲೆಕ್ಟರ್ ಥಾಮಸ್ ಮನ್ರೋ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಪಾಠದಲ್ಲಿ ಮನ್ರೋ ಬರುವುದು ಒಂದೇ ಒಂದು ಸಾಲಿನಲ್ಲಿ. ಎಡಗಡೆ ಅವನ ಹೆಸರು, ಬಲಗಡೆ ರೈತವಾರಿ ಪದ್ಧತಿ, ಹೊಂದಿಸಿ ಬರೆಯಿರಿ. ಮಕ್ಕಳು ಗೆರೆ ಎಳೆದು ಒಂದು ಅಂಕ ಗಿಟ್ಟಿಸುತ್ತಾರೆ. ಮಂತ್ರಾಲಯದ ಭಕ್ತನೂ ಈ ಒಂದು ಅಂಕದ ಮನ್ರೋನೂ ಒಬ್ಬನೇ ಎಂದು ಹೇಳಿದರೆ ಮಾತ್ರ ತಲೆಯೆತ್ತಿ ನೋಡುತ್ತಾರೆ. ಒಂದು ಬೇಸಿಗೆ ರಜೆಯಲ್ಲಿ ನಾನೂ ಕುತೂಹಲಕ್ಕೆಂದು ಈತನ ಪತ್ರಗಳನ್ನು ಓದತೊಡಗಿದೆ. ಗ್ಲೆಗ್ ಎಂಬ ಪಾದ್ರಿ ಮನ್ರೋನ ಜೀವನ ಚರಿತ್ರೆಯನ್ನು ಪತ್ರಗಳ ಸಮೇತ 1830ರಲ್ಲಿ ಅಚ್ಚು ಹಾಕಿಸಿದ. ಈಗ ಅದು ಕಂಪ್ಯೂಟರಿನಲ್ಲೂ ಓದಲು ಸಿಗುತ್ತದೆ. ಹಳೆಯ ಇಂಗ್ಲಿಷು, ಸಣ್ಣ ಅಕ್ಷರ. ನಿಘಂಟು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಆರೇಳು ಪುಟದಂತೆ ಓದಿದೆ.

ಮೊದಲು ಮನೆಯವರಿಗೆ ಬರೆದ ಪತ್ರಗಳ ಮಾತು. ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ. ತಂದೆ ವ್ಯಾಪಾರಸ್ಥ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ವ್ಯಾಪಾರ ಮುಳುಗಿ ಮನೆ ಕಷ್ಟಕ್ಕೆ ಬಿತ್ತು. ಮಗ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದ, ಸಂಬಳದಲ್ಲಿ ಉಳಿಸಿ ಊರಿಗೆ ಹಣ ಕಳಿಸುತ್ತಿದ್ದ. ಪತ್ರ ಹಡಗಿನಲ್ಲಿ ಆಫ್ರಿಕಾ ಸುತ್ತಿ ಹೋಗಲು ಐದಾರು ತಿಂಗಳು, ಉತ್ತರ ಬರಲು ಮತ್ತಷ್ಟೇ ಕಾಲ. ತಾಯಿಗೆ ಜ್ವರವೆಂದು ಓದಿದ ಹೊತ್ತಿಗೆ ಆ ಜ್ವರ ಹೋಗಿ ವರ್ಷದ ಹತ್ತಿರವಾಗಿರುತ್ತಿತ್ತು. ಎರ್ಸ್ಕಿನ್ ಎಂಬ ಸಹೋದರಿಗೆ ಆತ ಬರೆದ ಕಾಗದಗಳಲ್ಲಿ ನಗೆಯಿದೆ, ತುಂಟತನವಿದೆ. ಈಗಿನ ತಮಿಳುನಾಡಿನ ಧರ್ಮಪುರಿಯಲ್ಲಿ ತಾನು ಮಾಡಿಕೊಂಡ ತೋಟದ ಮೇಲೆ ಅವನಿಗೆ ಎಂಥ ವ್ಯಾಮೋಹವೆಂದರೆ, ಕೆನರಾ ಜಿಲ್ಲೆಗೆ ವರ್ಗವಾದಾಗ ಅದನ್ನು ಬಿಟ್ಟು ಬರುವುದೇ ದೊಡ್ಡ ದುಃಖವಾಯಿತು. 1799–1800ರ ಕುಂದಾಪುರದ ಮಳೆ ಅವನಿಗೆ ಹಿಡಿಸಲೇ ಇಲ್ಲ. ತನ್ನನ್ನು ಅಲ್ಲಿಂದ ಬಿಡಿಸಿ ಎಂದು ಮದ್ರಾಸಿನ ಸ್ನೇಹಿತರಿಗೆ ಮೊರೆಯಿಟ್ಟ. ಕರಾವಳಿಯ ನನ್ನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದರೆ, ಮಳೆಗೆ ಹೆದರುವವನು ಕಂದಾಯ ವಸೂಲಿಗೆ ಯಾಕೆ ಬರಬೇಕಿತ್ತು ಎಂದಳು!

ಮುಂದೆ ಮದ್ರಾಸಿನ ಗವರ್ನರ್ ಆದಾಗ, ಕಾಯಿಲೆಯ ಚಿಕ್ಕ ಮಗನನ್ನು ಕರೆದುಕೊಂಡು ಹೆಂಡತಿ ಜೇನ್ 1826ರಲ್ಲಿ ಇಂಗ್ಲೆಂಡಿಗೆ ಹೊರಟಳು. ಆಮೇಲೆ ಗಿಂಡಿಯ ಬಂಗಲೆಯ ತೋಟದಲ್ಲಿ ಒಬ್ಬನೇ ಅಡ್ಡಾಡಿದ್ದನ್ನೂ, ಮಗುವಿಲ್ಲದ ಕೋಣೆ ಬಿಕೋ ಎನ್ನುವುದನ್ನೂ ಆಕೆಗೆ ಬರೆದಿದ್ದಾನೆ. ಮರುವರ್ಷ ಜುಲೈ 6ರಂದು ತನ್ನ ಹಳೆಯ ಸೀಮೆಯ ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಹೋದ. ಇಷ್ಟು ಓದಿದಾಗ ಮನುಷ್ಯ ಒಳ್ಳೆಯವನೆಂದೇ ಅನ್ನಿಸುತ್ತದೆ. ಒಳ್ಳೆಯವನೇ. ಅದಕ್ಕೇ ಅವನು ಸ್ನೇಹಿತರೊಡನೆ ನಡೆಸಿದ ಪತ್ರ ವ್ಯವಹಾರ ನನ್ನನ್ನು ಹೆಚ್ಚು ಕಾಡಿತು.

ನಮ್ಮ ವಯಸ್ಸಿನವರಿಗೆ ನೀಲಿ ಇನ್‌ಲ್ಯಾಂಡ್ ಕಾಗದ ನೆನಪಿರಬೇಕು. ಮಡಿಕೆಯ ಅಂಚನ್ನೂ ಬಿಡದೆ ಬರೆಯುತ್ತಿದ್ದೆವು. ತವರಿಗೆ ಬರೆಯುವಾಗ ಅಪ್ಪ ಅದನ್ನು ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಾರೆಂದು ಗೊತ್ತಿರುತ್ತಿತ್ತು. ಹಾಗಾಗಿ ಇಲ್ಲಿ ಎಲ್ಲರೂ ಕ್ಷೇಮ, ಅತ್ತೆಯವರು ಮಗಳಂತೆ ನೋಡಿಕೊಳ್ಳುತ್ತಾರೆ. ಗೆಳತಿಗೆ ಬರೆಯುವ ಕಾಗದದ ಒಕ್ಕಣೆಯೇ ಬೇರೆ. ಸರ್ಕಾರ ನಡೆಸುವ ಗಂಡಸರಿಗೂ ಹೀಗೇ ಎಂದು ಕಾಣುತ್ತದೆ. ಮೇಲಿನವರಿಗೆ ಬರೆದ ವರದಿಯಲ್ಲಿ ಒಂದು ಮಾತು, ಗೆಳೆಯನಿಗೆ ಬರೆದ ಕಾಗದದಲ್ಲಿ ಒಳಗಿನ ಮಾತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ರಾಜ್ಯವನ್ನು ಹಂಚುವುದಕ್ಕೆ ಕಂಪನಿ ಒಂದು ಕಮಿಷನ್ ನೇಮಿಸಿತು. ಜನರಲ್ ಹ್ಯಾರಿಸ್, ಗವರ್ನರ್ ಜನರಲ್ಲನ ತಮ್ಮಂದಿರಾದ ಆರ್ಥರ್ ವೆಲ್ಲೆಸ್ಲಿ ಮತ್ತು ಹೆನ್ರಿ ವೆಲ್ಲೆಸ್ಲಿ, ಕರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್ ಅದರ ಸದಸ್ಯರು. ಕಾರ್ಯದರ್ಶಿಗಳು ಇಬ್ಬರು, ಮನ್ರೋ ಮತ್ತು ಜಾನ್ ಮಾಲ್ಕಂ. ಮನ್ರೋಗೆ ಮೂವತ್ತೆಂಟು. ಮಾಲ್ಕಂ ಮತ್ತು ಆರ್ಥರ್ ಇಬ್ಬರೂ 1769ರಲ್ಲಿ ಹುಟ್ಟಿದವರು, ಮೂವತ್ತೂ ಸರಿಯಾಗಿ ದಾಟದ ಹುಡುಗರು. ಈ ಆರ್ಥರನೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆಗಿ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. ಆಗ ಶ್ರೀರಂಗಪಟ್ಟಣದ ಅಧಿಕಾರಿಯಾಗಿ, ಟಿಪ್ಪುವಿನ ದರಿಯಾ ದೌಲತ್ ಅರಮನೆಯಲ್ಲಿ ವಾಸವಾಗಿದ್ದ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಗೋಡೆಯ ಚಿತ್ರಗಳನ್ನು ತೋರಿಸುತ್ತೇವೆ. ನನಗೋ ಈಗ ಅಲ್ಲೊಂದು ಮೇಜು, ಮೇಜಿನ ಮೇಲೆ ಕಾಗದ ಬರೆಯುತ್ತಿರುವ ಉದ್ದ ಮೂಗಿನ ಯುವಕ ಕಾಣುತ್ತಾನೆ.

ಕಮಿಷನ್ನಿನ ಕೆಲಸ ಮುಗಿದ ಮೇಲೆ ಇವರೆಲ್ಲ ಚದುರಿದರು. ಮನ್ರೋ ಕೆನರಾಕ್ಕೆ, ಕ್ಲೋಸ್ ಮೈಸೂರಿನ ರೆಸಿಡೆಂಟನಾಗಿ, ಮಾಲ್ಕಂ ಪರ್ಷಿಯಾದ ದೊರೆಯ ಬಳಿಗೆ ರಾಯಭಾರಿಯಾಗಿ. ಪತ್ರಗಳು ಮಾತ್ರ ನಿಲ್ಲಲಿಲ್ಲ. ಅಂಚೆಯ ಓಟದವರು ಘಟ್ಟ ಹತ್ತಿ ಇಳಿದು ಹೊತ್ತೊಯ್ದರು. ಅವುಗಳಲ್ಲಿ ಅಕ್ಕಿಯ ಲೆಕ್ಕ, ಎತ್ತುಗಳ ಲೆಕ್ಕ, ದೋಣಿಗಳ ಲೆಕ್ಕವೇ ಹೆಚ್ಚು. ಓದುವಾಗ ಆಕಳಿಕೆ ಬರುತ್ತದೆ. ನಡುವೆ ಇದ್ದಕ್ಕಿದ್ದಂತೆ ನಗೆ.

ಚನ್ನಗಿರಿಯ ಧೋಂಡಿಯ ವಾಘನ ಪ್ರಸಂಗ ನೋಡಿ. ಟಿಪ್ಪುವಿನ ಸೆರೆಯಲ್ಲಿದ್ದ ಈತ ಕೋಟೆ ಬಿದ್ದ ದಿನ ತಪ್ಪಿಸಿಕೊಂಡು ದಂಡು ಕಟ್ಟಿ, ತನ್ನನ್ನು ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ. ಆರ್ಥರ್ ಇವನ ಬೆನ್ನು ಹತ್ತಿ 1800ರ ಜೂನಿನಲ್ಲಿ ತುಂಗಭದ್ರೆ ದಾಟಿ, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ಲಿನಲ್ಲಿ ಅವನನ್ನು ಕೊಂದ. ಸುದ್ದಿ ಕೇಳಿದ ಮನ್ರೋ ಬರೆದ ಅಭಿನಂದನೆಯ ಕಾಗದ ತಮಾಷೆಯದು. ನೀನೂ ನಿನ್ನ ರಾಜಹಂತಕ ಸೈನ್ಯವೂ ಅಡ್ಡ ಬಾರದಿದ್ದರೆ ಆ ಮಹಾಪ್ರಭು ಹೊಸದೊಂದು ಸುಲ್ತಾನರ ವಂಶವನ್ನೇ ಸ್ಥಾಪಿಸುತ್ತಿದ್ದ ಎಂಬರ್ಥದ ಮಾತು. ನಕ್ಕುಬಿಡಬಹುದು. ಆದರೆ ಹೈದರನೂ ಹೀಗೇ ಅಲ್ಲವೇ ಮೇಲೆ ಬಂದದ್ದು? ಮನ್ರೋ ಹಾಸ್ಯದ ಅಡಿಯಲ್ಲಿ ಚರಿತ್ರೆಯನ್ನೇ ಹೇಳುತ್ತಿದ್ದಾನೆ. ಧೋಂಡಿಯನ ದಂಡಿನ ಸಾಮಾನು ಸರಂಜಾಮಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ಆರ್ಥರ್ ಆ ಮಗುವನ್ನು ತನ್ನ ಡೇರೆಗೆ ತರಿಸಿ ಸಾಕಿಸಿದ, 1805ರಲ್ಲಿ ದೇಶ ಬಿಡುವಾಗ ಅವನ ಪಾಲನೆಗೆ ಹಣವಿಟ್ಟು ಹೋದ. ತಂದೆಯನ್ನು ಕೊಂದ ಕೈಯೇ ಮಗನಿಗೆ ಅನ್ನ ಹಾಕಿತು. ಇದಕ್ಕೆ ಏನನ್ನಬೇಕೋ ತಿಳಿಯದು. ಹುಡುಗ ಮುಂದೆ ಮೈಸೂರು ಅರಸರ ಸೇವೆಗೆ ಸೇರಿದ.

ಇದೇ ಬೆನ್ನಟ್ಟುವಿಕೆಯ ನಡುವೆ, 1800ರ ಆಗಸ್ಟಿನಲ್ಲಿ ಆರ್ಥರ್ ಮನ್ರೋಗೆ ಬರೆದ ಕಾಗದವೊಂದಿದೆ. ಮನ್ರೋಗೆ ಕೃಷ್ಣಾ ನದಿಯವರೆಗಿನ ಸೀಮೆಯನ್ನೆಲ್ಲ ಕಂಪನಿಯೇ ಹಿಡಿದುಕೊಳ್ಳಬೇಕೆಂಬ ಹಂಬಲ. ಆರ್ಥರ್ ಒಪ್ಪುವುದಿಲ್ಲ. ನಾವು ಈಗಾಗಲೇ ಶಕ್ತಿ ಮೀರಿ ಹಬ್ಬಿದ್ದೇವೆ, ನಾವು ಹಬ್ಬಿದ ಕಡೆಯಲ್ಲೆಲ್ಲ ಕಂದಾಯ ನೋಡಿಕೊಳ್ಳುತ್ತಿದ್ದವರು, ಸೈನ್ಯದಲ್ಲಿದ್ದವರು, ಕೊಳ್ಳೆ ಹೊಡೆದು ಬದುಕುತ್ತಿದ್ದವರು ಎಲ್ಲರೂ ಹೊಟ್ಟೆಪಾಡು ಕಳೆದುಕೊಂಡು ನಮ್ಮ ಶತ್ರುಗಳಾಗುತ್ತಾರೆ ಎನ್ನುತ್ತಾನೆ. ಹಬ್ಬಿಸುತ್ತಿದ್ದವನು ಯಾರು? ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದ ಅವನ ಸ್ವಂತ ಅಣ್ಣ ರಿಚರ್ಡ್. ಗೆಳೆಯನೆಂಬ ಭರವಸೆಯಿಂದ ಬರೆದ ಕಾಗದವಾದ್ದರಿಂದಲೇ ಇಷ್ಟು ನೇರ ಮಾತು ಇದರಲ್ಲಿ ಬಂತು ಎಂದು ನನ್ನ ಎಣಿಕೆ. ನಮ್ಮ ಪಾಠದ ಪುಸ್ತಕಗಳಲ್ಲಿ ಬ್ರಿಟಿಷರು ಎಂದರೆ ಒಬ್ಬನೇ ಮನುಷ್ಯ, ಒಂದೇ ಮನಸ್ಸು. ಅವರೊಳಗೂ ಹೀಗೆ ವಾದವಿತ್ತು. ವಾದ ಮುಗಿದ ಮೇಲೆ ಇಬ್ಬರೂ ಕೆಲಸವನ್ನು ಮಾತ್ರ ಕಂಪನಿಗೇ ಮಾಡಿದರು, ಅದೂ ನಿಜ. ಮನ್ರೋನ ಹಂಬಲವಂತೂ ಕೈಗೂಡಿತು. 1817–18ರ ಮರಾಠಾ ಯುದ್ಧದಲ್ಲಿ ಬಾದಾಮಿ, ಬೆಳಗಾವಿಯ ಕೋಟೆಗಳನ್ನು ಗೆದ್ದ ಸೇನಾಪತಿ ಅವನೇ.

1803ರ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಮರಾಠರನ್ನು ಗೆದ್ದ ಮೇಲೂ ಆರ್ಥರನಿಗೆ ಈ ಗೆಳೆಯನ ಒಪ್ಪಿಗೆ ಬೇಕಿತ್ತು. ಸೈನ್ಯವನ್ನು ಎರಡು ಭಾಗ ಮಾಡಿದ್ದೇಕೆ, ಅಷ್ಟೊಂದು ಸಾವುನೋವಾದದ್ದೇಕೆ ಎಂದು ನವೆಂಬರಿನಲ್ಲಿ ಮನ್ರೋಗೆ ಉದ್ದನೆಯ ವಿವರಣೆ ಬರೆದ. ಅವನ ಕಡೆ ಸತ್ತವರು, ಗಾಯಗೊಂಡವರು ಸೇರಿ ಸಾವಿರದೈನೂರರ ಮೇಲೆ. ಆ ದಂಡಯಾತ್ರೆಯಲ್ಲಿ ಪೂರ್ಣಯ್ಯನವರು ಕಳಿಸಿದ ಮೈಸೂರಿನ ಕುದುರೆ ದಳವೂ ಇತ್ತು, ಬಿಷ್ಟಪ್ಪ ಪಂಡಿತ ಅದರ ನಾಯಕ. ಆ ಸವಾರರ ಮನೆಗಳಿಗೆ ಯಾರು ಯಾವ ವಿವರಣೆ ಬರೆದರು?

ಈಗ ನನ್ನನ್ನು ತಡೆದು ನಿಲ್ಲಿಸಿದ ಕಾಗದಕ್ಕೆ ಬರುತ್ತೇನೆ. ಇದು ಗೆಳೆಯನಿಗಲ್ಲ, 1799ರಲ್ಲಿ ಮನ್ರೋ ತನ್ನ ತಂದೆಗೆ ಬರೆದದ್ದು. ಮೈಸೂರಿನ ಹಳೆಯ ಅರಸು ಮನೆತನದ ಮಗುವನ್ನು ಪಟ್ಟಕ್ಕೆ ಕೂರಿಸಿದ ಕಮಿಷನ್ನಿಗೆ ಈತನೇ ಕಾರ್ಯದರ್ಶಿಯಷ್ಟೆ. ತಂದೆಗೆ ಮಾತ್ರ ಹೇಳುತ್ತಾನೆ: ನನ್ನ ಕೈಯಲ್ಲಿದ್ದಿದ್ದರೆ ಮೈಸೂರಿಗೆ ರಾಜನೇ ಇರುತ್ತಿರಲಿಲ್ಲ, ಎಲ್ಲರೂ ಮರೆತಿದ್ದ ಮನೆತನದ ಕೂಸೊಂದನ್ನು ಎಲ್ಲಿಂದಲೋ ಎಳೆದು ತಂದು ಸಿಂಹಾಸನಕ್ಕೆ ಏರಿಸಿದ್ದೇಕೆ ಎಂದು. ನಿಜಾಮನೂ ಕಂಪನಿಯೂ ನಾಡನ್ನು ಹಂಚಿಕೊಂಡರೆ ಸಾಕಿತ್ತು ಎಂಬುದು ಅವನ ಅಭಿಪ್ರಾಯ. ಅವನ ಮಾತು ನಡೆದಿದ್ದರೆ ಬೆಂಗಳೂರು ಎಲ್ಲಿರುತ್ತಿತ್ತು, ಮದ್ರಾಸಿನ ಒಂದು ಜಿಲ್ಲೆಯಾಗಿಯೋ, ಹೈದರಾಬಾದಿನ ಒಂದು ಸುಭೆಯಾಗಿಯೋ? ನಾವು ಯಾವ ಭಾಷೆಯಲ್ಲಿ ಶಾಲೆ ಕಲಿಯುತ್ತಿದ್ದೆವು? ಮೈಸೂರು ವಿಶ್ವವಿದ್ಯಾನಿಲಯ, ಕನ್ನಂಬಾಡಿ ಕಟ್ಟೆ ಇವನ್ನೆಲ್ಲ ಆಮೇಲೆ ಯೋಚಿಸಿದರಾಯಿತು. ನಾನಂತೂ ಆ ಪುಟ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಎಲ್ಲರೂ ಮರೆತಿದ್ದ ಮನೆತನ! ಮರೆಯದೆ ಇದ್ದವರೊಬ್ಬರಿದ್ದರು. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿಯವರು. ಗಂಡನ ಕಾಲದಲ್ಲೇ, 1761ರಲ್ಲಿ, ಅಧಿಕಾರ ಹೈದರನ ಕೈ ಸೇರಿತ್ತು. 1766ರಲ್ಲಿ ಗಂಡ ತೀರಿಕೊಂಡರು. ಅಲ್ಲಿಂದ ಮೂವತ್ತಮೂರು ವರ್ಷ ಈಕೆ ಶ್ರೀರಂಗಪಟ್ಟಣದ ಕಾವಲಿನೊಳಗೆ ಕೂತು, ಹೊರಗಿನ ಕಂಪನಿಯೊಡನೆ ಗುಟ್ಟಾಗಿ ವ್ಯವಹಾರ ನಡೆಸಿದರು. ಅವರ ಪರವಾಗಿ ಮಾತಾಡಿದವರು ಪ್ರಧಾನ ತಿರುಮಲರಾಯರು. 1782ರ ಅಕ್ಟೋಬರಿನಲ್ಲಿ, ಹೈದರ್ ಇನ್ನೂ ಬದುಕಿದ್ದಾಗಲೇ, ತಂಜಾವೂರಿನಲ್ಲಿ ರಾಣಿಯ ಹೆಸರಿನಲ್ಲಿ ಕಂಪನಿಯವರೊಡನೆ ಕರಾರೊಂದು ಆಯಿತು. ಮರುವರ್ಷ ಪಟ್ಟಣದೊಳಗೆ ನಡೆದ ಸಂಚು ಬಯಲಾಯಿತು, ಅನೇಕರ ತಲೆ ಉರುಳಿತು. ಆ ಸಂಚಿನಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಅಂಚೆ ಶಾಮಯ್ಯ, ಅಂಚೆಯ ಇಲಾಖೆಯ ಮುಖ್ಯಸ್ಥನೇ! ತಿರುಮಲರಾಯರ ಬಂಧುಗಳು ಅನುಭವಿಸಿದ ಸಾವುಗಳನ್ನು ನೆನೆದು ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ಇಂದಿಗೂ ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ.

ಗೆಳೆಯರು ಕಾಗದ ಬರೆದರೆ ಹೆಚ್ಚೆಂದರೆ ಮಳೆಯಲ್ಲಿ ನೆನೆದೀತು. ಈ ಹೆಂಗಸಿನ ಒಂದು ಓಲೆ ದಾರಿಯಲ್ಲಿ ಸಿಕ್ಕಿಬಿದ್ದರೆ ಒಯ್ಯುವವನ ಕುತ್ತಿಗೆಗೆ ಕುತ್ತು. 1796ರಲ್ಲಿ ಅರಮನೆಯನ್ನು ದೋಚಿ, ಅರಸು ಕುಟುಂಬವನ್ನು ಒಂದು ಸಾಧಾರಣ ಮನೆಗೆ ಅಟ್ಟಿದರು. ತಾಯಿ ಕೆಂಪನಂಜಮ್ಮಣ್ಣಿಯನ್ನು ಎಳೆತನದಲ್ಲೇ ಕಳೆದುಕೊಂಡಿದ್ದ ಮಗುವನ್ನು ಈ ಹಿರಿಯರೇ ಆ ಮನೆಯಲ್ಲಿ ಸಾಕಿದರು. ಮನ್ರೋ ಹೇಳಿದ ಕೂಸು ಅದೇ. ಮುಮ್ಮಡಿ ಕೃಷ್ಣರಾಜ ಒಡೆಯರು. ಆಗ ಐದು ವರ್ಷವೂ ತುಂಬಿರಲಿಲ್ಲ.

1799ರ ಜೂನ್ 24ರಂದು ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿ ಇಬ್ಬರ ಹೆಸರಿನಲ್ಲಿ ಕಮಿಷನ್ನಿಗೆ ಒಂದು ಪತ್ರ ಹೋಯಿತು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಅದರ ಇಂಗ್ಲಿಷ್ ರೂಪ ಕೊಟ್ಟಿದ್ದಾನೆ. (ಈ ವಿಲ್ಕ್ಸ್ ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿದ್ದಾಗ, ಸೋತ ನೆಪೋಲಿಯನ್ನನನ್ನು ಅಲ್ಲಿಗೇ ತಂದಿಳಿಸಿದರು.) ಚಿಕ್ಕ ಪತ್ರ. ನಮ್ಮ ರಾಜ್ಯಭಾರ ಹೋಗಿ ನಲವತ್ತು ವರ್ಷವಾಯಿತು, ಈಗ ನಮ್ಮ ಮಗುವಿಗೆ ರಾಜ್ಯ ಕೊಟ್ಟಿರಿ, ಪೂರ್ಣಯ್ಯನನ್ನು ದಿವಾನನಾಗಿ ಮಾಡಿದಿರಿ, ಸೂರ್ಯಚಂದ್ರರಿರುವವರೆಗೆ ನಿಮಗೆ ಎರಡು ಬಗೆಯುವುದಿಲ್ಲ ಎಂಬುದು ಅದರ ತಾತ್ಪರ್ಯ. ಸೂರ್ಯಚಂದ್ರರಿರುವವರೆಗೆ ಎಂದು ಓದುವಾಗ ಆ ಇಂಗ್ಲಿಷಿನ ಅಡಿಯಲ್ಲಿ ನಮ್ಮ ದೇವಸ್ಥಾನದ ಕಲ್ಲುಗಳ ಮಾತು ಕೇಳಿಸುತ್ತದೆ; ದಾನಶಾಸನದಲ್ಲಿ ಆಚಂದ್ರಾರ್ಕ ಎನ್ನುವುದಿಲ್ಲವೇ, ಅದೇ ಮಾತು. ವಿನಯದ ಪತ್ರ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ನಲವತ್ತು ವರ್ಷ ಎಂದು ಎಣಿಸಿ ಬರೆದ ಹೆಂಗಸು ಆ ವರ್ಷಗಳನ್ನು ಬೆರಳಿನಲ್ಲಿ ಮಡಿಸಿ ಮಡಿಸಿ ಲೆಕ್ಕವಿಟ್ಟವಳು.

ಜೂನ್ 30ರಂದು ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಹಳೆಯ ಅರಮನೆ ಉಳಿದಿರಲಿಲ್ಲ, ಚಪ್ಪರ ಹಾಕಿಸಿ ಅದರಡಿಯಲ್ಲೇ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು. ಲಕ್ಷ್ಮಮ್ಮಣ್ಣಿಯವರು 1810ರವರೆಗೆ ಬದುಕಿದ್ದರು. ಕಂಪನಿ 1831ರಲ್ಲಿ ಆ ಮಗುವಿನ ಕೈಯಿಂದಲೇ ಆಡಳಿತ ಕಿತ್ತುಕೊಂಡು ಐವತ್ತು ವರ್ಷ ತಾನೇ ಆಳಿದ್ದನ್ನು ಅವರು ನೋಡಲಿಲ್ಲ.

ಗಂಡಸರ ಕಾಗದಗಳು ಸಂಪುಟ ಸಂಪುಟವಾಗಿ ಅಚ್ಚಾಗಿವೆ. ವೆಲಿಂಗ್ಟನ್ನನ ಮಗ ತಂದೆಯ ಭಾರತದ ಪತ್ರಗಳನ್ನೇ ನಾಲ್ಕು ದಪ್ಪ ಸಂಪುಟ ಮಾಡಿಸಿದ. ನಮ್ಮ ಹೆಂಗಸರ ಓಲೆಗಳು ಯಾಕಿಲ್ಲ ಎಂದು ಹುಡುಕಿ ಹೊರಟವಳಿಗೆ ಉತ್ತರದ ಒಂದು ತುಣುಕು ಸಿಕ್ಕಿದ್ದೂ ಮನ್ರೋನ ಕಡತದಲ್ಲೇ. ಗವರ್ನರನಾಗಿ 1822ರಲ್ಲಿ ಆತ ಎಲ್ಲ ಜಿಲ್ಲೆಗಳ ಕಲೆಕ್ಟರುಗಳಿಗೆ, ನಿಮ್ಮಲ್ಲಿ ಊರ ಶಾಲೆಗಳೆಷ್ಟು, ಓದುವ ಮಕ್ಕಳೆಷ್ಟು, ಲೆಕ್ಕ ಕೊಡಿ ಎಂದು ಆಜ್ಞೆ ಮಾಡಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಮೇಷ್ಟರ ಕೆಲಸ ಮಾಡುವವರೆಲ್ಲ ಓದಬೇಕಾದದ್ದು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾರೆ, ಆಮೇಲೆ ಹಲಗೆ, ಆಮೇಲೆ ಅಕ್ಕಿ ಗಂಜಿಗೆ ಇದ್ದಲು 
ಕಲಸಿ ಬಟ್ಟೆಗೆ ಬಳಿದು ಮಾಡಿದ ಕಡತ. ಜಿಲ್ಲೆಯಲ್ಲಿ ಶಾಲೆಗಳು 533, ಅವುಗಳಲ್ಲಿ ಕನ್ನಡದವು 235. ಓದುವ ಮಕ್ಕಳು 6,641. ಆ ಪೈಕಿ ಹೆಣ್ಣುಮಕ್ಕಳು 60.